ಶರೀಫಾಬಿ ಫೇಲಾದ ಪರೀಕ್ಷೆ

ಆಳಂದದ ಶರೀಫಾಬಿ ಇಪ್ಪತ್ತೆರಡು ವರ್ಷದಿಂದ ಮುದುಕರ ಮೈ ತೊಳೆಯುತ್ತಿದ್ದಳು. ಗಂಡ ತೀರಿಕೊಂಡಾಗ ಅವಳಿಗೆ ಇಪ್ಪತ್ತಾರು. ಮೊದಲು ದವಾಖಾನೆಯಲ್ಲಿ ದಿನಗೂಲಿಯ ಆಯಾ ಆಗಿದ್ದಳು, ಅದು ನಿಂತ ಮೇಲೆ ಮನೆಮನೆಯ ಕೆಲಸ ಹಿಡಿದಳು. ಹಾಸಿಗೆ ಹಿಡಿದವರನ್ನು ಎಬ್ಬಿಸಿ ಕೂರಿಸಬೇಕು, ಮೈ ತೊಳೆದು ಬೆನ್ನಿಗೆ ಎಣ್ಣೆ ತಿಕ್ಕಬೇಕು, ತುತ್ತು ಮಾಡಿ ಉಣಿಸಬೇಕು. ನೀರಿನ ಬಿಸಿಯನ್ನು ಅವಳು ಅಂಗೈಯಿಂದ ನೋಡುತ್ತಿರಲಿಲ್ಲ, ಅಂಗೈ ಜಡ್ಡುಗಟ್ಟಿತ್ತು. ಮೊಳಕೈಯ ಒಳಬದಿಯಿಂದ ನೋಡುತ್ತಿದ್ದಳು. ದೊಡ್ಡ ಮನೆಗಳ ಸೊಸೆಯಂದಿರು ಮೊದಮೊದಲು ಅವಳ ಜಾತಿ ಕೇಳಿ ಮೂಗು ಮುರಿಯುತ್ತಿದ್ದರು. ಮಾವನ ಹಾಸಿಗೆ ಎರಡು ಸಲ ಹೊಲಸಾದ ಮೇಲೆ ಮೂಗೂ ಸರಿಹೋಗುತ್ತಿತ್ತು, ಜಾತಿಯೂ ಮರೆತುಹೋಗುತ್ತಿತ್ತು.

ಈಗ ಅವಳ ಮೊಳಕಾಲು ಕೈಕೊಟ್ಟಿದ್ದವು. ಬಸ್ಸು ಹತ್ತಿ ಕೆಲಸದ ಮನೆಗಳಿದ್ದ ನಿಂಬರ್ಗಾಕ್ಕೆ ಹೋಗಿ ಬರುವುದು ಆಗುತ್ತಿರಲಿಲ್ಲ. ಮಲಗುತ್ತಿದ್ದದ್ದು ತಮ್ಮನ ಪಡಸಾಲೆಯ ಮೂಲೆಯಲ್ಲಿ. ತಮ್ಮನ ಹೆಂಡತಿ ದಿನಾ ಕಸ ಗುಡಿಸುವಾಗ ಆ ಮೂಲೆ ಬಂದ ಕೂಡಲೇ ಕಸಬರಿಗೆಯನ್ನು ಎರಡು ಸಲ ನೆಲಕ್ಕೆ ಕುಟ್ಟುತ್ತಿದ್ದಳು. ಹಾಗಾಗಿ ೧೯೯೪ರಲ್ಲಿ ಅಫಜಲಪುರ ರಸ್ತೆಯಲ್ಲಿ ಊರ ಹೊರಗೆ ವೃದ್ಧಾಶ್ರಮ ಏಳುತ್ತಿದೆ, ಸೇವೆ ಮಾಡುವವರಿಗೆ ಇರಲು ಖೋಲಿಯನ್ನೂ ಕೊಡುತ್ತಾರೆ ಎಂದು ಕೇಳಿದಾಗ ಶರೀಫಾಬಿ ನಡೆದುಕೊಂಡೇ ಅಲ್ಲಿಗೆ ಹೋದಳು. ಇನ್ನೂ ಗಿಲಾವು ಕಾಣದ ಗೋಡೆಯ ಮುಂದೆ ನಿಂತಿದ್ದ ಮ್ಯಾನೇಜರ್ ಹೇಳಿದ: "ಸರ್ಟಿಫಿಕೇಟ್ ಅದ ಏನು? ಸರ್ಟಿಫಿಕೇಟ್ ಇಲ್ದವ್ರಿಗೆ ಇಲ್ಲಿ ಕೆಲಸಿಲ್ಲ."

ಸರ್ಟಿಫಿಕೇಟು ಕೊಡುತ್ತಿದ್ದದ್ದು ಊರಿನ ಒಂದು ಖಾಸಗಿ ಕಾಲೇಜು. ಆರು ತಿಂಗಳ ತರಬೇತಿ, ವೃದ್ಧರ ಸೇವೆಯ ವಿಷಯದಲ್ಲಿ. ಏಳನೇ ಇಯತ್ತೆ ಪಾಸಾಗಿರಬೇಕು ಎಂದಿತ್ತು. ಶರೀಫಾಬಿ ನಾಲ್ಕನೆಯದನ್ನು ಅರ್ಧಕ್ಕೆ ಬಿಟ್ಟವಳು. ಆದರೆ ಹನ್ನೆರಡು ಮಂದಿ ಸೇರದಿದ್ದರೆ ಸರ್ಕಾರದ ಅನುದಾನ ಬರುತ್ತಿರಲಿಲ್ಲ, ಸೇರಿದ್ದವರು ಹನ್ನೊಂದೇ ಮಂದಿ. ಕಾಲೇಜಿನ ಕಾರ್ಯದರ್ಶಿ ದೌಲತರಾಯ ಅವಳನ್ನು ಮೇಲಿಂದ ಕೆಳಗೆ ನೋಡಿ, "ವಿದ್ಯೆಗೆ ವಯಸ್ಸಿಲ್ಲ ನೋಡ್ ಬೇ, ಇಲ್ಲಿ ಸಹಿ ಮಾಡು" ಎಂದು ಫಾರಮು ಮುಂದಕ್ಕೆ ತಳ್ಳಿದ.

ಕಲಿಸಲು ಮೈಸೂರಿನಿಂದ ಒಬ್ಬ ಮೇಡಂ ಬಂದರು. ಓದಿಕೊಂಡವರು. ಮುದುಕರನ್ನು ಮುಟ್ಟಿ ಗೊತ್ತಿರಲಿಲ್ಲ. ಕಲಿಯಲು ಒಂದು ರಬ್ಬರಿನ ಬೊಂಬೆ ಇತ್ತು. ಅದಕ್ಕೆ ಸ್ನಾನ ಮಾಡಿಸಿ ಮಾಡಿಸಿ ಹುಡುಗಿಯರು ಬಹಳ ಚುರುಕಾದರು. ಒಂದು ದಿನ ಶರೀಫಾಬಿ ಎದ್ದು ನಿಂತಳು.

"ಮೇಡಂ, ಈ ಬೊಂಬಿ ಬೈಯೂದಿಲ್ಲ, ಉಗುಳೂದಿಲ್ಲ. ಬೈಯವ್ರಿಗೆ ಹ್ಯಾಂಗ ಮಾಡ್ಬೇಕ್ರಿ?"

"ಅದು ಹನ್ನೊಂದನೇ ಪಾಠ, ಕೂತ್ಕೊಳ್ಳಿ" ಎಂದರು ಮೇಡಂ. ಪಾಠಗಳು ಒಂಬತ್ತಕ್ಕೇ ಮುಗಿದವು.

ಪರೀಕ್ಷೆಗೆ ಮಾತ್ರ ಜೀವಂತ ಮುದುಕ ಬೇಕಿತ್ತು. ದೌಲತರಾಯ ತನ್ನ ದೂರದ ಸೋದರಮಾವ ಚಂದ್ರಾಮಪ್ಪನನ್ನು ಜೀಪಿನಲ್ಲಿ ತರಿಸಿದ. ಎಂಬತ್ತು ದಾಟಿದ ತೊಗರಿ ವ್ಯಾಪಾರಿ, ಲಕ್ವಾ ಹೊಡೆದು ಬಲಗಡೆ ಪೂರಾ ಬಿದ್ದುಹೋಗಿತ್ತು. ಎರಡು ವರ್ಷ ಶರೀಫಾಬಿಯೇ ಅವನ ಮೈ ತೊಳೆದಿದ್ದಳು. ಕೊರಳಿನ ಶಿವದಾರಕ್ಕೆ ಅವಳು ಕೈ ಹಚ್ಚುತ್ತಿರಲಿಲ್ಲ. "ಮುತ್ಯಾ, ಹಿಡಕೋರಿ" ಎನ್ನುತ್ತಿದ್ದಳು. ಮುದುಕ ಲಿಂಗದ ಕರಡಿಗೆಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯುತ್ತಿದ್ದ, ಅವಳು ಸುತ್ತಲಿನ ಮೈ ತೊಳೆಯುತ್ತಿದ್ದಳು. ಆಮೇಲೆ ಪೂಜೆ, ಪೂಜೆಯಾದ ಮೇಲೆ ಊಟ. ಇದನ್ನು ಅವಳಿಗೆ ಯಾವ ಮೇಡಮ್ಮೂ ಕಲಿಸಿರಲಿಲ್ಲ.

ಕಲಬುರ್ಗಿಯಿಂದ ಬಂದ ಪರೀಕ್ಷಕ ಕುರ್ಚಿಯಲ್ಲಿ ಕೂತು ಪಟ್ಟಿ ತೆಗೆದ. ಉಳಿದ ಹತ್ತು ಮಂದಿಯ ಸಣ್ಣಪುಟ್ಟ ಕೆಲಸಗಳು ಮೊದಲೇ ಮುಗಿದವು. ಸ್ನಾನ ಜಗದೇವಿಯ ಪಾಲಿಗೆ ಬಂತು, ಕೊನೆಗೆ ಊಟ ಶರೀಫಾಬಿಯ ಪಾಲಿಗೆ. ಜಗದೇವಿ ಕ್ಲಾಸಿನ ಜಾಣೆ, ತಾನೂ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಸ್ನಾನದ ಪಟ್ಟಿಯ ಮೊದಲನೇ ಸಾಲು ಹೀಗಿತ್ತು: ಮೈಮೇಲಿನ ಒಡವೆ, ದಾರ, ತಾಯತಗಳನ್ನೆಲ್ಲ ತೆಗೆದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕು, ಪರೀಕ್ಷೆ ಮುಗಿಯುವವರೆಗೆ ತೆಗೆಯಕೂಡದು. ಅದಕ್ಕೆ ಹತ್ತು ಅಂಕ. ಜಗದೇವಿ ಒಂದು ಗಳಿಗೆ ನಿಂತಳು. ಪರೀಕ್ಷಕನ ಪೆನ್ಸಿಲ್ಲು ನೋಡಿದಳು. ಮುದುಕನ ತಲೆಯ ಮೇಲಿಂದ ಶಿವದಾರ ತೆಗೆದು, ಕರಡಿಗೆ ಸಮೇತ ತಗಡಿನ ಪೆಟ್ಟಿಗೆಗೆ ಹಾಕಿ ಬೀಗ ಒತ್ತಿದಳು.

"ಲೇ! ಏನ್ ಮಾಡಾಕತ್ತೀಯಬೇ?" ಎಂದು ಮುದುಕ ಚೀರಿದ. ಪರೀಕ್ಷಕ "ರೋಗಿ ಉದ್ರಿಕ್ತ" ಎಂದು ಬರೆದುಕೊಂಡ. ಹನ್ನೊಂದು ಹುಡುಗಿಯರಲ್ಲಿ ಏಳು ಮಂದಿಯ ಕೊರಳಲ್ಲಿ ಲಿಂಗವಿತ್ತು, ದೌಲತರಾಯನ ಕೊರಳಲ್ಲೂ ಇತ್ತು. ಎಲ್ಲರೂ ತಲೆ ತಗ್ಗಿಸಿ ಪಟ್ಟಿ ಓದಿದರು.

ಸ್ನಾನ ಮುಗಿಯಿತು. ಪೂರ್ತಿ ಅಂಕ. ಶರೀಫಾಬಿ ಗಂಜಿಯ ಬಟ್ಟಲು ಹಿಡಿದು ಕೂತಳು. ಹದಿನೈದು ನಿಮಿಷದಲ್ಲಿ ಉಣಿಸಬೇಕು. ಮುದುಕ ಹಲ್ಲು ಕಚ್ಚಿ ಗೋಡೆ ಕಡೆ ಮುಖ ತಿರುಗಿಸಿದ್ದ.

"ಸಾಹೇಬ್ರ, ಪೆಟ್ಟಗಿ ತಗೀರಿ. ಲಿಂಗಪೂಜಿ ಆಗದಽ ಮುತ್ಯಾ ನೀರೂ ಮುಟ್ಟೂದಿಲ್ಲ."

"ಪರೀಕ್ಷೆ ಮುಗಿಯುವ ತನಕ ತೆಗೆಯುವ ಹಾಗಿಲ್ಲ. ಉಣ್ಣದವರಿಗೆ ಹೇಗೆ ಉಣಿಸಬೇಕು ಅಂತ ಪಾಠದಲ್ಲೇ ಇದೆಯಲ್ಲ?"

ಇತ್ತು, ಒಂಬತ್ತನೇ ಪಾಠದಲ್ಲಿ. ಎರಡೂ ಗಲ್ಲ ಒತ್ತಿ ಹಿಡಿದರೆ ಬಾಯಿ ತೆರೆಯುತ್ತದೆ, ಚಮಚ ಒಳಗಿಡಬೇಕು. ಶರೀಫಾಬಿಯ ಕೈಗೆ ಅದೇನು ದೊಡ್ಡ ಕೆಲಸವಲ್ಲ. ಒಂದು ಸಲ ಒತ್ತಿದರೆ ಪಾಸು, ಪಾಸಾದರೆ ಖೋಲಿ. ಅವಳ ಬೆರಳು ಗಲ್ಲದವರೆಗೂ ಹೋಯಿತು. ಮುದುಕನ ಕಣ್ಣಿಂದ ನೀರು ಇಳಿಯುತ್ತಿತ್ತು. ಶರೀಫಾಬಿ ಅದನ್ನು ಸೆರಗಿನಿಂದ ಒರೆಸಿ ಬಟ್ಟಲು ಕೆಳಗಿಟ್ಟಳು.

"ನಾ ಉಣಸೂದಿಲ್ರಿ."

ಪರೀಕ್ಷಕ ನಕ್ಕ. "ಅದು ನಿಮ್ಮ ಧರ್ಮದ್ದೂ ಅಲ್ಲವಲ್ಲಮ್ಮ?"

"ನನ್ನ ಧರ್ಮದ್ದಲ್ರೀ. ಬಾಯಿನೂ ನಂದಲ್ಲ, ಅವ್ರದು."

ದೌಲತರಾಯ ಹತ್ತಿರ ಬಂದು ಹಲ್ಲು ಕಡಿದ: "ಶರೀಫಾ, ನಾಟಕ ಬ್ಯಾಡ. ಎರಡು ಚಮಚ ಹಾಕಿ ಮುಗಸು."

"ನಿಮ್ಮ ಮಾವ ಅಲ್ರೀ ಸಾವ್ಕಾರ್ರ? ನೀವಽ ಹಾಕ್ರಿ" ಎಂದು ಅವಳು ಚಮಚ ಅವನ ಕಡೆ ಚಾಚಿದಳು. ದೌಲತರಾಯ ಕೈ ಹಿಂದಕ್ಕೆ ಕಟ್ಟಿಕೊಂಡ.

ಹದಿನೈದು ನಿಮಿಷ ಕಳೆಯಿತು. ಪರೀಕ್ಷಕ ಸೊನ್ನೆ ಬರೆದು, ಎಲ್ಲ ಮುಗಿಯಿತೆಂದು ಪೆಟ್ಟಿಗೆ ತೆರೆಸಿದ. ಶರೀಫಾಬಿ ಕರಡಿಗೆ ಮುಟ್ಟಲಿಲ್ಲ. "ಜಗದೇವಿ, ನೀನಽ ಕೊಡವ್ವ. ಎಡಗೈಯಾಗ ಇಡು" ಎಂದಳು. ಜಗದೇವಿ ತಂದು ಇಟ್ಟಳು. ಪೂಜೆಯಾಯಿತು. ಆಮೇಲೆ ಮುದುಕ ಶರೀಫಾಬಿಯ ಕೈಯಿಂದ ಬಟ್ಟಲು ಗಂಜಿಯನ್ನು ಆರು ನಿಮಿಷದಲ್ಲಿ ಕುಡಿದ, ಇನ್ನಷ್ಟು ಕೇಳಿದ. ಆ ಆರು ನಿಮಿಷಕ್ಕೆ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಹನ್ನೊಂದು ಮಂದಿ ಪಾಸು, ಒಬ್ಬಳು ಫೇಲು. ಅನುದಾನಕ್ಕೆ ಸೇರಿದವರ ಲೆಕ್ಕವೇ ಹೊರತು ಪಾಸಾದವರದಲ್ಲ, ಆದ್ದರಿಂದ ಕಾಲೇಜಿಗೇನೂ ತೊಂದರೆಯಾಗಲಿಲ್ಲ. ಎಂಟು ಹುಡುಗಿಯರು ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ ಮದುವೆಯಾಗಿ ಹೋದರು. ಮೂವರು ವೃದ್ಧಾಶ್ರಮ ಸೇರಿದರು.

ಇಪ್ಪತ್ತು ದಿನಕ್ಕೆ ಆಶ್ರಮದ ಮ್ಯಾನೇಜರ್ ಶರೀಫಾಬಿಯನ್ನು ಹುಡುಕಿಕೊಂಡು ಬಂದ. ಆ ಮೂವರು ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದರಂತೆ.

"ಕಸ ಹೊಡ್ಯಾಕ ಝಾಡೂವಾಲಿ ಅಂತ ರಜಿಸ್ಟರಿನಾಗ ಹಚ್ಕೋತೀನಿ. ಜೋಡಿಗೆ ಮುದುಕರ ಮೈನೂ ತೊಳಿ."

"ಖೋಲಿ?"

"ಖೋಲಿ ಸರ್ಟಿಫಿಕೇಟ್ ಇದ್ದವ್ರಿಗೆ ಅಷ್ಟೇ."

"ಹಂಗಾದ್ರ ಮೈಯೂ ಅವ್ರಽ ತೊಳೀಲಿ. ನಾ ಕಸ ಹೊಡೀತೇನಿ."

ಹೇಳಿದಂತೆ ನಾಲ್ಕು ದಿನ ಕಸವನ್ನಷ್ಟೇ ಹೊಡೆದಳು. ಒಳಗಿನ ನರಳಾಟ ಕೇಳಿ ಅವಳಿಗೆ ಉಂಡದ್ದು ಮೈಗೆ ಹತ್ತಲಿಲ್ಲ, ಆದರೂ ಪೊರಕೆ ಬಿಡಲಿಲ್ಲ. ಐದನೇ ದಿನ ಮ್ಯಾನೇಜರ್ ತಾನೇ ಸಾಮಾನಿನ ಖೋಲಿಯ ಚೀಲ ಎತ್ತಿ ಹೊರಗೆ ಹಾಕಿ ಕೀಲಿಕೈ ಕೊಟ್ಟ. ಶರೀಫಾಬಿ ಟ್ರಂಕು ತಂದು ಒಳಗಿಟ್ಟಳು, ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ತೆಗೆದು ನೋಡಿದಳು. ಆಮೇಲೆ ಸೀರೆ ಮೇಲೆ ಕಟ್ಟಿ, ನೀರು ಕಾಯಿಸಲು ಹೋದಳು.

ರಜಿಸ್ಟರಿನಲ್ಲಿ ಅವಳು ಕೊನೆತನಕ ಝಾಡೂವಾಲಿಯೇ.