ಹೊಳೆಯ ಮೇಲೆ ಎರಡು ನಾಲ್ಕು

ಕರೆಂಟು ಹೋಗಿ ಬಂದಾಗ ಮನೆಯ ಫೋನು, ಟಿವಿ, ಕಂಪ್ಯೂಟರುಗಳೆಲ್ಲ ಎಚ್ಚರಾಗಿ ಇಂಟರ್‌ನೆಟ್ ಪೆಟ್ಟಿಗೆಯನ್ನು ಮೊದಲು ಕೇಳುವುದು ಒಂದೇ ಮಾತಂತೆ: ನನ್ನ ವಿಳಾಸ ಯಾವುದು? ಅದರೊಳಗೆ ಸದ್ದಿಲ್ಲದೆ ನಡೆಯುವ ಏರ್ಪಾಡೊಂದು ಒಬ್ಬೊಬ್ಬರಿಗೆ ಒಂದೊಂದು ಅಂಕಿ ಹಂಚುತ್ತದೆ. ನಿಮ್ಮ ಮನೆಯಲ್ಲೂ ಹಂಚುತ್ತಿರುತ್ತದೆ, ನೀವು ಗಮನಿಸಿರುವುದಿಲ್ಲ. ನಾನೂ ಗಮನಿಸಿರಲಿಲ್ಲ. ಮೊನ್ನೆ ಇಂಟರ್‌ನೆಟ್ ಕೈಕೊಟ್ಟಾಗ ಮಗಳು, "ಅಪ್ಪಾಜಿ, ಎರಡು ಮಷೀನು ಒಂದೇ ನಂಬರ್ ಹಿಡ್ಕಂಡಾವೆ, ಅದ್ಕೇ ಈ ಗೋಳು" ಎಂದಳು. ನಾನು ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತೆ.

ಎಂಬತ್ತರ ದಶಕದ ಒಂದು ಮಳೆಗಾಲ. ಹೊನ್ನಾಳಿಯಲ್ಲಿ ಹೊಳೆ ಏರಿತ್ತು. ಬಿ.ಎಸ್ಸಿ. ಮುಗಿಸಿ ಸುಮ್ಮನೆ ತಿರುಗುತ್ತಿದ್ದ ನನ್ನನ್ನು, ನೆರೆಯಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ತೆಪ್ಪದಲ್ಲಿ ವೈರ್‌ಲೆಸ್ ಹಿಡಿಯಲು ಕೂರಿಸಿದ್ದರು. ವಿಜ್ಞಾನ ಓದಿದವನಿಗೆ ಗುಂಡಿ ಒತ್ತಲು ಬಂದೀತೆಂಬ ನಂಬಿಕೆ. ದಡದ ಕೋಣೆಯಲ್ಲಿ ಎಲ್ಲ ವೈರ್‌ಲೆಸ್ ಸೆಟ್ಟುಗಳನ್ನು ನೋಡಿಕೊಳ್ಳುವ ಶಕುಂತಲಮ್ಮ ಕೂತಿರುತ್ತಿದ್ದರು. ಸೆಟ್ಟು ಚಾಲೂ ಮಾಡಿದವರು ಮೊದಲು ಅವರನ್ನು ನಂಬರ್ ಕೇಳಬೇಕು. ಸೆಟ್ಟು ಬಹಳ ಹೊತ್ತು ಮಾತಾಡದಿದ್ದರೆ ಆ ನಂಬರ್ ಬೇರೆಯವರ ಪಾಲು. "ನಮ್ಮವ್ವ ಇಟ್ಟ ಹೆಸರು ಸಾಲ್ದಾಗೈತೆ ನೋಡ್ರಿ" ಎಂದು ತೆಪ್ಪ ನಡೆಸುವ ಗೌಸ್ ಸಾಬ್ ನಗುತ್ತಿದ್ದ. ನಮ್ಮ ತೆಪ್ಪದ ನಂಬರ್ ಮೂರು.

ನಡುಗಡ್ಡೆಯಲ್ಲಿ ಇಬ್ಬರು ಕುರಿ ಕಾಯುವವರು ಸಿಕ್ಕಿಕೊಂಡಿದ್ದರು. ಹೊಳೆಯ ಮೇಲ್ಗಡೆ ಗೋವಿನಕೋವಿಯಲ್ಲಿ ನೀರು ನೋಡುತ್ತಿದ್ದ ಮೇಷ್ಟ್ರು ನಾಲ್ಕನೇ ನಂಬರ್. ಅವರು ನೀರು ಇಳಿದಿದೆ ಎನ್ನದೆ ನಾವು ತೆಪ್ಪ ಬಿಡುವಂತಿರಲಿಲ್ಲ. ಅವರ ಸೆಟ್ಟಿನ ಸೆಲ್ಲುಗಳು ನೆನೆದು, ಅವನ್ನವರು ಒಲೆಯ ಮುಂದೆ ಒಣಗಿಸುತ್ತಿದ್ದಾರೆಂದು ನಮಗೇನು ಗೊತ್ತು? ಅಷ್ಟರಲ್ಲಿ, ಬಹಳ ಹೊತ್ತು ಮಾತಿಲ್ಲವೆಂದು, ಅವರ ನಾಲ್ಕನೇ ನಂಬರ್ ಪೇಟೆಯ ಜೀಪೊಂದಕ್ಕೆ ಹೋಗಿತ್ತು. ಶಕುಂತಲಮ್ಮ, ನಾಲ್ಕು, ನೀರು ಹೆಂಗೈತೆ ಎಂದು ಕೇಳಿದರು. ಇಳಿದೈತೆ ಎಂದು ಉತ್ತರ ಬಂತು. ಅವರು ಕೇಳಿದ್ದು ಜೀಪಿನವನನ್ನು, ಅವನು ಹೇಳಿದ್ದು ಬಜಾರದ ನೀರನ್ನು. ನಾವು ಗೋವಿನಕೋವಿಯೇ ಮಾತಾಡಿತೆಂದು ಹುಟ್ಟು ಹಾಕಿದೆವು.

ನಡುಹೊಳೆಯಲ್ಲಿದ್ದಾಗ ಬೇರೊಂದು ದನಿ ಕೇಳಿಸಿತು. ಸೆಲ್ಲು ಒಣಗಿತ್ತು, ಮೇಷ್ಟ್ರು ಹೊಸದಾಗಿ ನಂಬರ್ ಕೇಳದೆ ಹಳೆಯದರಲ್ಲೇ ಮಾತಾಡಿದ್ದರು. "ನಾಲ್ಕು ಮಾತಾಡ್ತಿರೋದು. ನೀರು ಭಾಳ ಏರ್ತಾ ಐತೆ. ಯಾರ್ನೂ ಹೊಳಿಗೆ ಇಳಿಯಾಕೆ ಬಿಡಬ್ಯಾಡ್ರಿ."

"ಯಾವ ನಾಕು ನಮ್ದು?" ಎಂದ ಗೌಸ್ ಸಾಬ್.

ನಾನು ವೈರ್‌ಲೆಸ್ಸನ್ನು ಕಿವಿಗೆ ಒತ್ತಿ ಹಿಡಿದೆ. ಶಕುಂತಲಮ್ಮನೇ ಊರ ಹೆಸರು ಹೇಳ್ರಿ ಎಂದು ಕೇಳಿದರು. ಗೋವಿನಕೋವಿ ಎಂಬ ಮಾತು ಬರುವಷ್ಟರಲ್ಲಿ ತೆಪ್ಪ ಗಿರ್ರನೆ ತಿರುಗತೊಡಗಿತ್ತು. ಹಿಂದಿನ ದಡಕ್ಕಿಂತ ನಡುಗಡ್ಡೆಯೇ ಹತ್ತಿರವೆಂದು ಗೌಸ್ ಸಾಬ್ ಅತ್ತಲೇ ನೂಕಿದ. ವೈರ್‌ಲೆಸ್ ನೀರು ಕುಡಿದು ಸತ್ತಿತು. ಕುರಿಯವರೊಂದಿಗೆ ನಾವೂ ನಡುಗಡ್ಡೆಯ ಹೊಂಗೆಮರ ತಬ್ಬಿ ನಿಂತೆವು. ನೀರು ಎದೆಗೆ ಬಂತು. ಕುರಿಗಳು ಒಂದೊಂದಾಗಿ ನಮ್ಮ ಕಣ್ಣೆದುರೇ ಹೋದವು. ಅವು ಕೂಗುತ್ತಿದ್ದವು, ಆಮೇಲೆ ಕೂಗಲಿಲ್ಲ. ಈಗಲೂ ನಲ್ಲಿಯಲ್ಲಿ ನೀರು ಒಮ್ಮೆಲೇ ಜೋರಾಗಿ ಬಂದರೆ ನನ್ನ ಕೈ ಏನನ್ನಾದರೂ ಹಿಡಿದುಕೊಳ್ಳುತ್ತದೆ.

ಇಳಿಹೊತ್ತಿಗೆ ನೀರು ತಗ್ಗಿ ನಾಲ್ವರೂ ದಡ ಸೇರಿದೆವು. ಶಕುಂತಲಮ್ಮನ ಗಂಟಲು ಕಟ್ಟಿಹೋಗಿತ್ತು. "ಮೂರು ಖಾಲಿ ಆತು, ಇನ್ನೊಂದು ತೆಪ್ಪಕ್ಕೆ ಕೊಡ್ರಿ ಅಂದ್ರು. ನಾ ಕೊಡ್ಲಿಲ್ಲ. ಮೂರು, ಮೂರು ಅಂತ ಕೂಗ್ತಾನೇ ಇದ್ದೆ" ಎಂದರು. ಸತ್ತ ಸೆಟ್ಟಿನಲ್ಲಿ ಅದು ನಮಗೆ ಕೇಳಿಸಿರಲಿಲ್ಲ.

ಮಗಳು ಪೆಟ್ಟಿಗೆ ಸರಿಮಾಡಿದಳು. ಸುಮ್ಮನಿದ್ದವರ ನಂಬರನ್ನು ಅದು ಇನ್ನೊಬ್ಬರಿಗೆ ಕೊಟ್ಟುಬಿಡುತ್ತದೆಂದು ವಿವರಿಸಿದಳು. ಎಷ್ಟು ಹೊತ್ತು ಕಾದು ಎಂದು ಕೇಳಿದೆ. ನಾವು ಹೇಳಿದಷ್ಟು ಎಂದಳು.

"ಇನ್ನೊಂದಿಷ್ಟು ಹೊತ್ತು ಕಾಯಾಕೆ ಹೇಳವ್ವ" ಎಂದೆ.