ಮೊಲ ಕಡಿದ ಸಾಡೊ

ಉದ್ಯಾವರದ ಜೆರ್ಟ್ರೂಡ್‌ಗೆ ನಲವತ್ತೊಂದು ವರ್ಷ. ಹೆಂಡತಿ ತೀರಿಕೊಂಡ ಅಣ್ಣ ಫೌಸ್ಟಿನ್‌ನ ಮನೆವಾರ್ತೆಯೇ ಅವಳ ಬದುಕು. ೧೯೮೨ರಲ್ಲಿ ಅವನು ಕಾರ್ಕಳದಿಂದ ಎರಡು ಮೊಲದ ಮರಿಗಳನ್ನು ತಂದು ಅವಳ ತಲೆಗೇ ಕಟ್ಟಿದ.

ಪ್ರಾಯಕ್ಕೆ ಬರುತ್ತಲೇ ಅವು ಕುರ್ಚಿಯ ಕಾಲು ಕಡಿದವು, ಅಂಗಳ ತೋಡಿದವು. ಅವಳು ಅವಕ್ಕೆ ಕಡಿಯಲು ಪೇರಳೆ ಗೆಲ್ಲು ಕೊಟ್ಟಳು, ತೋಡಲು ಹಳೆಯ ಟಬ್ಬಿನಲ್ಲಿ ಮರಳು ತುಂಬಿಸಿದಳು. ಆದರೂ ಒಂದು ದಿನ ಹೆಣ್ಣು ಮೊಲ ಮರದ ಪೆಟ್ಟಿಗೆಯ ಮೂಲೆ ಕೊರೆದು, ಅಮ್ಮ ತಾನು ಮದುವೆಯಲ್ಲಿ ಉಟ್ಟು, ಜೆರ್ಟ್ರೂಡ್‌ಳ ಮದುವೆಗೆಂದು ತೆಗೆದಿಟ್ಟಿದ್ದ ಕೆಂಪು ಸಾಡೊ ಸೀರೆಯನ್ನು ಚಿಂದಿ ಮಾಡಿ ಗೂಡು ಕಟ್ಟಿಕೊಂಡಿತ್ತು.

“ಅಯ್ಯೋ, ಅಮ್ಮನ ಸಾಡೊ!” ಎಂದ ಫೌಸ್ಟಿನ್. ತಂಗಿಗೆ ಬಂದ ಸಂಬಂಧಗಳನ್ನೆಲ್ಲ ಮನೆ ನೋಡುವವರಿಲ್ಲವೆಂದು ತಿರುಗಿಸಿ ಕಳಿಸಿದವನು ಅವನೇ.

“ಈಗ ಎಂತದ್ದು ಅಯ್ಯೋ?” ಜೆರ್ಟ್ರೂಡ್ ಉಳಿದ ಸೀರೆಯನ್ನೂ ಹರಿದು ಗೂಡಿಗೆ ತುರುಕಿದಳು. “ಈ ಮನೆಯಲ್ಲಿ ಒಂದು ಹೆಣ್ಣಿಗಾದರೂ ಉಪಯೋಗಕ್ಕೆ ಬಂತಲ್ಲ.”