ಮುರಿದ ಕೊಂಬಿನ ಬಸವಣ್ಣನ ಹರಕೆ

ಕರಿಬಸಮ್ಮನಿಗೆ ದೇವರ ಮೇಲೆ ಹೇಳಿಕೊಳ್ಳುವಂಥ ಭಕ್ತಿ ಇರಲಿಲ್ಲ. ಲಿಂಗಪೂಜೆಯನ್ನು ಒಲೆಯ ಮೇಲಿನ ಹಾಲಿನ ಕಡೆ ಒಂದು ಕಣ್ಣಿಟ್ಟುಕೊಂಡೇ ಮುಗಿಸುತ್ತಿದ್ದಳು. ಆದರೂ ಮಧುಗಿರಿ ಬೆಟ್ಟವನ್ನು, ಆಗಿನವರ ಬಾಯಲ್ಲಿ ಮದ್ದಗಿರಿ ಬೆಟ್ಟವನ್ನು, ಆಕೆ ಹತ್ತಿದಷ್ಟು ಸಲ ಅಲ್ಲಿ ಮೇಕೆ ಮೇಯಿಸುವವರೂ ಹತ್ತಿರಲಾರರು. ಊರು ಅದನ್ನು ಭಕ್ತಿ ಎಂದುಕೊಂಡಿತು. ಊರಿಗೆ ಕಣ್ಣಿರುತ್ತದೆ, ಬುದ್ಧಿ ಇರುವುದಿಲ್ಲ. ಆಕೆಯನ್ನು ದಿನಾ ಬೆಳಗ್ಗೆ ಆ ಬಂಡೆ ಹತ್ತಿಸುತ್ತಿದ್ದದ್ದು ಶುದ್ಧ ಹೊಟ್ಟೆಯುರಿ.

ಆಕೆಯ ಗಂಡ ಶಂಕರಲಿಂಗಪ್ಪನಿಗೆ ಪೇಟೆಬೀದಿಯಲ್ಲಿ ಬೆಲ್ಲದ ಮಂಡಿ ಇತ್ತು. ಮಂಡಿಯ ಹಿಂದೆಯೇ ಮನೆ. ಮನೆಯ ಉಗ್ರಾಣ, ಪೆಟ್ಟಿಗೆ, ತಿಜೋರಿ ಎಲ್ಲದರ ಬೀಗದ ಕೈಗಳೂ ಒಂದು ಬೆಳ್ಳಿ ಗೊಂಚಲಿನಲ್ಲಿ ಕರಿಬಸಮ್ಮನ ಸೊಂಟದಲ್ಲಿ ತೂಗುತ್ತಿದ್ದವು. ಅತ್ತೆ ಸಾಯುವ ಮುಂಚೆ ತನ್ನ ಕೈಯಾರೆ ಸಿಕ್ಕಿಸಿ ಹೋದ ಗೊಂಚಲು ಅದು. ಮನೆಯಲ್ಲಿ ಸಣ್ಣಕ್ಕಿ ಅನ್ನ, ಎಮ್ಮೆ ತುಪ್ಪ, ಮಂಡಿಯಿಂದ ಬೇಕಾದಷ್ಟು ಬೆಲ್ಲ. ಕೂತು ತಿಂದು ತಿಂದು ಮೂವತ್ತೈದು ದಾಟುವುದರೊಳಗೆ ಕರಿಬಸಮ್ಮ ಹಿತ್ತಲಿಂದ ಪಡಸಾಲೆಗೆ ಬರುವಾಗಲೂ ನಡುವೆ ಒಂದು ಸಲ ಕಂಬ ಹಿಡಿದು ನಿಲ್ಲುವಂತಾಗಿದ್ದಳು. ಇಷ್ಟಿದ್ದೂ ಮಕ್ಕಳಿರಲಿಲ್ಲ. ಆದ್ದರಿಂದ ಪ್ಲೇಗು ಬಂದುಹೋದ ಮಾರನೆಯ ವರ್ಷ ಶಂಕರಲಿಂಗಪ್ಪ ಪಾವಗಡದಾಚೆಯ ಹೊಸಕೋಟೆಯಿಂದ ಇಂದ್ರಮ್ಮ ಎಂಬ ಇಪ್ಪತ್ತರ ಹುಡುಗಿಯನ್ನು ಎರಡನೆಯವಳಾಗಿ ತಂದುಕೊಂಡ. ಹಿರಿಯವಳನ್ನು ಒಂದು ಮಾತು ಕೇಳಿದ ಅನ್ನಿ. ಕೇಳಿದ್ದು ಲಗ್ನಪತ್ರಿಕೆ ಆದ ಮೇಲೆ.

ಮದುವೆಯ ಮೂರನೆಯ ದಿನ ಇಂದ್ರಮ್ಮನ ತಾಯಿ ಊರಿಗೆ ಹೊರಟು, ಹಿತ್ತಲ ಬಾಗಿಲಲ್ಲಿ ಮಗಳ ಕಣ್ಣೊರೆಸುತ್ತ ಸಮಾಧಾನ ಹೇಳುತ್ತಿದ್ದಳು. ಮಾತು ತೆಲುಗಿನಲ್ಲಿತ್ತು. ಮದ್ದಗಿರಿಯವಳಿಗೆ ಏನು ತಿಳಿಯುತ್ತದೆ ಎಂಬ ಧೈರ್ಯ. ಕರಿಬಸಮ್ಮನ ತವರು ಮನೆಮನೆಯಲ್ಲೂ ತೆಲುಗು ಆಡುವ ಪಾವಗಡ ಸೀಮೆಯ ವಳ್ಳೂರು ಎಂದು ಆ ಹೆಂಗಸಿಗೆ ಯಾರೂ ಹೇಳಿರಲಿಲ್ಲ. "ಪೆದ್ದಾಮೆಕು ಆಯಾಸಂ. ಇಂಕೆನ್ನಾಳ್ಳು ಉಂಟಾದಿ?" ಎಂದಳು ತಾಯಿ. ದೊಡ್ಡವಳಿಗೆ ಏದುಸಿರು, ಇನ್ನೆಷ್ಟು ದಿನ ಇದ್ದಾಳು ಎಂದು. ಆಮೇಲೆ ಆ ಗೊಂಚಲು ನಿನ್ನ ಸೊಂಟಕ್ಕೇ ಬರುವುದು ಎಂದೂ ಸೇರಿಸಿದಳು. ಗೋಡೆಯ ಈಚೆ ಹುಣಿಸೆಹಣ್ಣು ಬಿಡಿಸುತ್ತಿದ್ದ ಕರಿಬಸಮ್ಮನಿಗೆ ಒಂದೊಂದು ಅಕ್ಷರವೂ ತಿಳಿಯಿತು. ಗಂಡ ಇನ್ನೊಬ್ಬಳನ್ನು ತಂದಾಗ ಅಳದಿದ್ದವಳು ಆವತ್ತು ಹುಣಿಸೆಹಣ್ಣಿನ ಮೊರದ ಮುಂದೆ ಕೂತು ಅತ್ತಳು. ಅತ್ತು ಮುಗಿಸಿ, ಈ ಹುಡುಗಿಯ ಹೆಣ ನೋಡದೆ ನಾನು ಕಣ್ಣು ಮುಚ್ಚುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡಳು.

ಮಾರನೆಯ ವಾರ ಯಾರಿಗೂ ತಿಳಿಯದಂತೆ ಪಂಡಿತ ರೇಣುಕಯ್ಯನವರ ಹತ್ತಿರ ಹೋದಳು. ಪಂಡಿತರು ನಾಡಿ ಹಿಡಿದರು, ನಾಲಗೆ ನೋಡಿದರು, ಆಮೇಲೆ ಔಷಧಿಯನ್ನೇ ಕೊಡಲಿಲ್ಲ. ದಿನಾ ಬೆವರು ಕಿತ್ತು ಬರುವ ಹಾಗೆ ನಡೆಯಬೇಕು, ಸಾಧ್ಯವಾದರೆ ಬೆಟ್ಟ ಹತ್ತಬೇಕು. ಸಣ್ಣಕ್ಕಿ, ತುಪ್ಪ, ಬೆಲ್ಲ ಬಿಡಬೇಕು. ರಾಗಿ, ನವಣೆ, ಹುರುಳಿ, ಸೊಪ್ಪು ತಿನ್ನಬೇಕು. ಮಾಡಿದರೆ ಬದುಕುತ್ತೀರಿ, ಇಲ್ಲದಿದ್ದರೆ ನನ್ನ ಹತ್ತಿರ ಬಂದು ಪ್ರಯೋಜನವಿಲ್ಲ ಎಂದುಬಿಟ್ಟರು.

ಈಗ ಪೇಚಿಗೆ ಬಂತು. ಪಂಡಿತರು ಹೇಳಿದರು ಎಂದರೆ ಕಾಯಿಲೆ ಇದೆ ಎಂದು ಒಪ್ಪಿಕೊಂಡಂತೆ, ಸವತಿಗೆ ಹಬ್ಬ. ಏನೂ ಹೇಳದೆ ಮಂಡಿ ಸಾಹುಕಾರರ ಹೆಂಡತಿ ಬೆಳಗಾಗೆದ್ದು ಬೆಟ್ಟ ಹತ್ತಿದರೆ ತಲೆ ಕೆಟ್ಟಿದೆ ಅನ್ನುತ್ತಾರೆ. ಕರಿಬಸಮ್ಮ ಒಂದು ಹರಕೆ ಹುಟ್ಟಿಸಿದಳು. ಬೆಟ್ಟದ ಮೇಲಿನ ಕೋಟೆಯ ಎರಡನೆಯ ಬಾಗಿಲ ಪಕ್ಕದಲ್ಲಿ ಕೊಂಬು ಮುರಿದ ಒಂದು ಪುಟ್ಟ ಕಲ್ಲು ಬಸವಣ್ಣ ಬಿದ್ದಿದ್ದ. ಅವನಿಗೆ ಅಲ್ಲಿಯವರೆಗೆ ಒಂದು ಹೂವು ಹಾಕಿದವರಿಲ್ಲ. ಆ ಬಸವಣ್ಣ ಕನಸಿನಲ್ಲಿ ಬಂದ, ದಿನಾ ಬಂದು ನೀರು ಹಾಕು, ರಾಗಿ ನವಣೆಯಲ್ಲಿ ಇರು ಅಂದ ಎಂದು ಗಂಡನಿಗೆ ಹೇಳಿದಳು. ಶಂಕರಲಿಂಗಪ್ಪನಿಗೆ ಹಿರಿಯ ಹೆಂಡತಿಯ ಮುಖ ನೋಡಲು ಆಗ ಹೇಗೂ ಸಂಕೋಚ. ಹಾಗೇ ಆಗಲಿ ಎಂದ.

ಹರಕೆ ಹುಟ್ಟಿಸುವುದು ಸುಲಭ, ನಡೆಸುವುದೇ ಕಷ್ಟ. ಮೊದಲ ದಿನ ಒಂದನೆಯ ಬಾಗಿಲಿಗೂ ಮುಟ್ಟದೆ ಬಂಡೆಯ ಮೇಲೆ ಕೂತುಬಿಟ್ಟಳು. ಇಳಿಯುವಾಗ ಕೂತು ಕೂತು ಜಾರಿಕೊಂಡೇ ಬಂದಳು. ಬಸವಣ್ಣನ ಹತ್ತಿರ ಹೋಗುವಷ್ಟು ಕಾಲು ಬರಲು ಒಂದು ಸುಗ್ಗಿಯೇ ಕಳೆಯಿತು. ರಾಗಿಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪಕ್ಕದಲ್ಲಿ ಒಬ್ಬಟ್ಟು ಬೇಯುವಾಗ ಹುರುಳಿ ಬಸ್ಸಾರಿನ ಮುಂದೆ ಕೂರುವುದು ಎಂಥ ಶಿಕ್ಷೆ ಎಂಬುದು ತುಪ್ಪ ಉಂಡು ಬೆಳೆದವರಿಗೇ ಗೊತ್ತು. ಒಂದು ದಿನ ತಡೆಯಲಾರದೆ ಉಗ್ರಾಣದ ಬೀಗ ತೆಗೆದು, ಒಳಗೆ ನಿಂತುಕೊಂಡೇ ಕೊಬ್ಬರಿ ಬೆಲ್ಲ ಬಾಯಿಗೆ ಹಾಕಿಕೊಂಡಳು. ಆಗ ಹೊರಗೆ ಇಂದ್ರಮ್ಮನ ಕಾಲುಂಗುರದ ಸದ್ದಾಯಿತು. ಕರಿಬಸಮ್ಮನಿಗೆ ಕೂಡಲೇ ಅವಳ ತಾಯಿಯ ಮಾತು ನೆನಪಾಯಿತು. ಅಗಿದದ್ದನ್ನು ಉಗಿದು, ಬೀಗ ಹಾಕಿಕೊಂಡು ಹೊರಬಂದಳು.

ಅಲ್ಲಿಂದ ಮುಂದೆ ಅದೇ ಅವಳ ಉಪಾಯವಾಯಿತು. ಮಾಗಿಯ ಚಳಿಯಲ್ಲಿ ಕಂಬಳಿ ಬಿಟ್ಟು ಏಳಲು ಮನಸ್ಸು ಬಾರದಿದ್ದರೆ ಗೊಂಚಲನ್ನು ಕೈಯಲ್ಲಿ ಹಿಡಿದು, ಇದು ಇಂದ್ರಮ್ಮನ ಸೊಂಟದಲ್ಲಿದ್ದರೆ ಹೇಗೆ ಕಾಣುತ್ತದೆ ಎಂದು ಯೋಚಿಸುವಳು. ಮೈಗೆ ಬೆಂಕಿ ಹತ್ತಿದಂತಾಗಿ ಎದ್ದು ನಿಲ್ಲುವಳು. ನಮ್ಮಂಥವರು ಆರೋಗ್ಯ ಒಳ್ಳೆಯದು ಎಂದುಕೊಂಡು ಹೊರಟು ನಾಲ್ಕು ದಿನಕ್ಕೆ ಕೈಬಿಡುತ್ತೇವೆ. ದ್ವೇಷ ಹಾಗಲ್ಲ, ಅದು ಹೊತ್ತಿಗೆ ಸರಿಯಾಗಿ ಎಬ್ಬಿಸುತ್ತದೆ. ವರ್ಷ ತಿರುಗುವುದರೊಳಗೆ ಕರಿಬಸಮ್ಮನ ಏದುಸಿರು ಹೋಯಿತು, ಕುಪ್ಪಸಗಳೆಲ್ಲ ಸಡಿಲವಾದವು.

ಇಂದ್ರಮ್ಮನಿಗೆ ಮಾತ್ರ ಸಣ್ಣಕ್ಕಿ ಅನ್ನಕ್ಕೆ ಕೈತುಂಬ ತುಪ್ಪ. ಕರಿಬಸಮ್ಮ ತಾನೇ ನಿಂತು ಬಡಿಸುತ್ತಿದ್ದಳು. ಸವತಿಯನ್ನು ಹೀಗೆ ನೋಡಿಕೊಳ್ಳುವವರುಂಟೆ ಎಂದು ಕೇರಿಯವರು ಕೊಂಡಾಡಿದರು. ತಿನ್ನಲಿ, ಕೂತಲ್ಲೇ ಕೂತು ಊದಿಕೊಳ್ಳಲಿ ಎಂಬ ಅವಳ ಲೆಕ್ಕಾಚಾರ ಯಾರಿಗೆ ಕಾಣಬೇಕು.

ಆದರೆ ಇಂದ್ರಮ್ಮನೂ ಪೆದ್ದಿಯಲ್ಲ. ಹಿರಿಯವಳು ದಿನದಿನಕ್ಕೆ ಗಟ್ಟಿಯಾಗುತ್ತಿರುವುದು ಕಂಡಳು. ಈ ಹರಕೆ ಯಾಕಿರಬಹುದು? ಮಕ್ಕಳಿಲ್ಲದವಳು ಇನ್ನೇನು ಕೇಳುತ್ತಾಳೆ, ಮಗುವನ್ನೇ. ಬಸವಣ್ಣ ದೊಡ್ಡವಳಿಗೇ ಕಣ್ಣು ಬಿಟ್ಟರೆ ತನ್ನ ಗತಿಯೇನು ಎಂದು ಹೆದರಿದಳು. ಒಂದು ಬೆಳಗ್ಗೆ ಕರಿಬಸಮ್ಮ ಮೊದಲನೆಯ ಬಾಗಿಲು ದಾಟಿ ತಿರುಗಿ ನೋಡುತ್ತಾಳೆ, ಇಂದ್ರಮ್ಮ ತಂಬಿಗೆಯಲ್ಲಿ ನೀರು ಹಿಡಿದು, ಸೆರಗು ಬಿಗಿದು ಹತ್ತಿ ಬರುತ್ತಿದ್ದಾಳೆ. ಅವತ್ತು ಮಧ್ಯಾಹ್ನ ತುಪ್ಪದ ಮಿಳ್ಳೆ ಹಿಡಿದು ಬಗ್ಗಿದರೆ ಇಂದ್ರಮ್ಮ ಎಲೆಗೆ ಕೈ ಅಡ್ಡ ಇಟ್ಟಳು.

"ನಂಗೂ ಮುದ್ದೇನೇ ಇಕ್ಕಕ್ಕ. ನಾನೂ ನೇಮ ಹಿಡ್ದಿವ್ನಿ," ಎಂದಳು.

ಕರಿಬಸಮ್ಮನಿಗೆ ಕೈ ಕೈ ಹಿಸುಕಿಕೊಳ್ಳುವಂತಾಯಿತು. ಹರಕೆ ಸುಳ್ಳು ಎಂದರೆ ತನ್ನ ಬಂಡವಾಳವೇ ಬಯಲು. ತಾನೇ ಹುಟ್ಟಿಸಿದ ದೇವರನ್ನು ಸವತಿ ಹಿಡಿದುಕೊಂಡಿದ್ದಳು, ಅದೂ ತನಗಿಂತ ಹದಿನೈದು ವರ್ಷ ಚಿಕ್ಕವಳು. ಬಿಡುವಂತಿಲ್ಲ, ಅವಳಿಗಿಂತ ಜೋರಾಗಿ ಹತ್ತುವುದೊಂದೇ ದಾರಿ. ಅಲ್ಲಿಂದಾಚೆ ಮದ್ದಗಿರಿ ಬೆಟ್ಟ ದಿನಾ ಬೆಳಗ್ಗೆ ಒಂದು ಜಗಳ ನೋಡಿತು, ಆದರೆ ಬಾಯಿಲ್ಲದ ಜಗಳ. ಒಬ್ಬಳು ಮುಂದೆ, ಒಬ್ಬಳು ಹಿಂದೆ. ಒಬ್ಬಳಿಗೆ ಜ್ವರ ಬಂದರೆ ಇನ್ನೊಬ್ಬಳು ಬೇಗ ಎದ್ದಳು. ಒಬ್ಬಳು ನವಣೆ ಅನ್ನ ಅರ್ಧಕ್ಕೆ ನಿಲ್ಲಿಸಿದರೆ ಇನ್ನೊಬ್ಬಳು ಕಾಲುಪಾಲಿಗೇ ನಿಲ್ಲಿಸಿದಳು. ಹೀಗೆ ಹತ್ತಾರು ವರ್ಷ ಕಳೆದವು. ಮಗು ಯಾರಿಗೂ ಆಗಲಿಲ್ಲ. ಇಬ್ಬರ ಮೈಯೂ ಕಲ್ಲಾಯಿತು.

ಇಷ್ಟರ ನಡುವೆ ಮನೆಗೆ ಬರುವ ತುಪ್ಪ ಬೆಲ್ಲ ಎಲ್ಲಿಗೆ ಹೋಗಬೇಕು? ಶಂಕರಲಿಂಗಪ್ಪನ ಎಲೆಗೆ. ಗಂಡನನ್ನು ತನ್ನ ಕಡೆ ಹಿಡಿದಿಟ್ಟುಕೊಳ್ಳಲು ಇಬ್ಬರಿಗೂ ಉಳಿದದ್ದು ಅಡುಗೆಯೊಂದೇ. ಹಿರಿಯವಳು ಒಬ್ಬಟ್ಟು ಮಾಡಿದ ದಿನ ಕಿರಿಯವಳು ಕರಿಗಡುಬು ಮಾಡಿದಳು. ಒಬ್ಬಳದನ್ನು ಉಂಡು ಇನ್ನೊಬ್ಬಳದನ್ನು ಬಿಟ್ಟರೆ ಮೂರು ದಿನ ಮನೆಯಲ್ಲಿ ಮುಖ ಊದಿಕೊಂಡಿರುತ್ತಿತ್ತು. ಆ ಮನುಷ್ಯ ಎರಡೂ ಉಂಡ. ಉಂಡು ಮಂಡಿಯ ಗಾದಿಯ ಮೇಲೆ ಒರಗಿದ. ಪಂಡಿತರು ದಾರಿಯಲ್ಲಿ ಅವನನ್ನು ತಡೆದು, ನಿಮ್ಮ ಹೆಂಡಿರ ಜೊತೆ ನೀವೂ ಒಂದಿಷ್ಟು ಬೆಟ್ಟ ಹತ್ತಬಾರದೆ ಎಂದರೆ ನಕ್ಕುಬಿಟ್ಟ. ಗಂಡಸರಿಗೆಂಥ ಹರಕೆ?

ಅವನ ಕೊನೆಯ ಬೇಸಿಗೆಯಲ್ಲಿ ಒಂದು ದಿನ ಎಲೆಯ ಮುಂದೆ ಕೂತವನು ಎದೆ ನೀವಿಕೊಂಡ. ಆಮೇಲೆ ಕರಿಬಸಮ್ಮನ ಕಡೆ ನೋಡಿದ.

"ನಂಗೂ ಒಂದ್ ಮುದ್ದೆ ಇಕ್ಕೆ ಅತ್ಲಾಗೆ. ತುಪ್ಪ ಕಂಡ್ರೆ ವಾಕ್ರಿಕೆ ಬತ್ತದೆ," ಎಂದ.

ಕರಿಬಸಮ್ಮನ ಕೈ ಮುದ್ದೆಯ ಪಾತ್ರೆಯವರೆಗೂ ಹೋಗಿತ್ತು. ಅಷ್ಟರಲ್ಲಿ ಇಂದ್ರಮ್ಮ ಬಿಸಿ ಒಬ್ಬಟ್ಟು ತಂದು ಎಲೆಗೆ ಹಾಕಿದಳು. ತಾನು ಮುದ್ದೆ ಇಕ್ಕಿದರೆ ಅವನು ಒಬ್ಬಟ್ಟನ್ನೇ ಉಣ್ಣುವನು, ನಾಳೆಯಿಂದ ಅವಳ ಕಡೆಯೇ ತಿರುಗುವನು, ಕರಿಬಸಮ್ಮನ ತಲೆಗೆ ಹೊಳೆದದ್ದು ಅದೊಂದೇ. ಸಾಹುಕಾರರು ಮುದ್ದೆ ಉಂಡರೆ ಪೇಟೆಯವರು ಏನಂದಾರು ಎಂದು ಹೇಳಿ, ಒಬ್ಬಟ್ಟಿನ ಮೇಲೆ ಮಿಳ್ಳೆ ತುಂಬ ತುಪ್ಪ ಸುರಿದಳು. ಅವನು ಅದನ್ನೇ ಉಂಡ. ಆ ವಾರದ ಸಂತೆಯ ದಿನ, ಗಿರಾಕಿಯೊಬ್ಬನ ಜೊತೆ ಮಾತಾಡುತ್ತಿದ್ದಂತೆಯೇ, ಬೆಲ್ಲದ ಅಚ್ಚುಗಳ ಮೇಲೆ ಕುಸಿದು ಸತ್ತ.

ಮಣ್ಣು ಮಾಡಿ ಬಂದ ಮೇಲೆ ನಿಜವಾದ ಸಾವು ತಿಳಿಯಿತು. ಅಣ್ಣತಮ್ಮಂದಿರು ಪಾಲಾಗಿರಲಿಲ್ಲ. ಮಂಡಿ, ಮನೆ ಎಲ್ಲ ಕೊರಟಗೆರೆಯಲ್ಲಿದ್ದ ತಮ್ಮ ವೃಷಭೇಂದ್ರಪ್ಪನಿಗೆ ಸೇರಿದವು. ಮಕ್ಕಳಿಲ್ಲದ ಇಬ್ಬರು ವಿಧವೆಯರಿಗೆ ಅನ್ನ, ಬಟ್ಟೆ, ಹಿತ್ತಲ ಕಡೆಯ ಒಂದು ಕೋಣೆ ಎಂದು ಹಿರಿಯರು ಕೂತು ಹೇಳಿದರು. ವೃಷಭೇಂದ್ರಪ್ಪನ ಹೆಂಡತಿ ಸರೋಜಮ್ಮ ಗಾಡಿಯಿಂದ ಇಳಿಯಲು ಇಬ್ಬರು ಆಳುಗಳು ಕೈ ಕೊಡಬೇಕಾಯಿತು. ಜನ್ಮದಲ್ಲಿ ಒಂದು ದಿಬ್ಬ ಹತ್ತಿದವಳಲ್ಲ. ಹನ್ನೊಂದನೆಯ ದಿನ ಅವಳು ಎಲ್ಲರೆದುರು ಕೈ ಚಾಚಿದಳು. ಕರಿಬಸಮ್ಮ ಗೊಂಚಲನ್ನು ಬಿಚ್ಚಿ ಕೊಟ್ಟಳು. ಅಷ್ಟು ವರ್ಷ ಸವತಿಯಿಂದ ಕಾಪಾಡಿದ ಗೊಂಚಲು ಬೇರೊಬ್ಬಳ ಸೊಂಟ ಸೇರಿತು. ಕರಿಬಸಮ್ಮನಿಗೆ ಸತ್ತ ಗಂಡನ ಮೇಲೂ ಸಿಟ್ಟು ಬಂತು, ಬದುಕಿರುವ ತನ್ನ ಮೇಲೂ ಬಂತು.

ಮಾರನೆಯ ಬೆಳಗ್ಗೆ ಅಭ್ಯಾಸಬಲದಿಂದ ಇಬ್ಬರಿಗೂ ಎಚ್ಚರವಾಯಿತು. ಒಂದೇ ಕೋಣೆ, ಒಬ್ಬಳು ಎದ್ದರೆ ಇನ್ನೊಬ್ಬಳಿಗೆ ಕಾಣುತ್ತದೆ. ಇಬ್ಬರೂ ಹೊರಟು ಬೆಟ್ಟ ಹತ್ತಿದರು. ಬಸವಣ್ಣನ ಹತ್ತಿರ ಕೂತ ಮೇಲೆ ಇಂದ್ರಮ್ಮ ಬಾಯಿ ಬಿಟ್ಟಳು.

"ಇನ್ಯಾಕಕ್ಕ ಹತ್ತಾದು? ಹರಕೆ ಮುಗೀತಲ್ಲ."

"ಯಾವ ಹರಕೆ? ಹರಕೆನೂ ಇರ್ಲಿಲ್ಲ, ಕನಸೂ ಬಿದ್ದಿರ್ಲಿಲ್ಲ. ನಿನ್ ಹೆಣ ನೋಡಿ ಸಾಯಾನ ಅಂತ ಹತ್ತಿದ್ದು ಕಣೆ," ಎಂದಳು ಕರಿಬಸಮ್ಮ. ಇನ್ನು ಮುಚ್ಚಿಡಲು ಅವಳ ಹತ್ತಿರ ಏನೂ ಉಳಿದಿರಲಿಲ್ಲ.

ಇಂದ್ರಮ್ಮ ಬೆಚ್ಚಲಿಲ್ಲ. ಎರಡನೆಯ ವರ್ಷಕ್ಕೇ ತನಗೆ ಗೊತ್ತಾಯಿತು, ಅದಕ್ಕೇ ತಾನೂ ಬಿಡಲಿಲ್ಲ ಎಂದಳು. ತಂಬಿಗೆಯ ನೀರನ್ನು ಕಲ್ಲಿನ ಮೇಲೆ ಸುರಿದಳು.

"ಅವ್ರು ಮುದ್ದೆ ಕೇಳಿದ್ರು, ಅಕ್ಕ."

"ಕೇಳಿದ್ರು," ಎಂದಳು ಕರಿಬಸಮ್ಮ.

ಇಬ್ಬರೂ ಅತ್ತರು, ಆದರೆ ಒಬ್ಬರನ್ನೊಬ್ಬರು ಮುಟ್ಟಲಿಲ್ಲ. ಕೆಳಗೆ ಅವರ ಮನೆಯ ಸೂರಿನಿಂದ ಹೊಗೆ ಏಳುತ್ತಿತ್ತು. ಸರೋಜಮ್ಮ ಎದ್ದಿರಬೇಕು, ಊಟಕ್ಕೆ ಕಾಯುತ್ತಿರಬೇಕು. ಇಂದ್ರಮ್ಮ ಕಣ್ಣೊರೆಸಿಕೊಂಡು ಆ ಹೊಗೆಯನ್ನು ನೋಡಿದಳು. ಕರಿಬಸಮ್ಮ ಇಂದ್ರಮ್ಮನನ್ನು ನೋಡಿದಳು.

ಮಧ್ಯಾಹ್ನ ಸರೋಜಮ್ಮ ಗೊಂಚಲನ್ನು ಮುಂದಕ್ಕೆ ಸರಿಸಿಕೊಂಡು ಎಲೆಯ ಮುಂದೆ ಕೂತಳು. ಪ್ರಯಾಣ, ಸೂತಕ ಎಲ್ಲ ಆಗಿ ಮೈ ಭಾರವಾಗಿದೆ, ಇವತ್ತು ತೆಳ್ಳಗೆ ಏನಾದರೂ ಸಾಕು ಎಂದಳು. ಇಂದ್ರಮ್ಮ ಒಳಗಿಂದ ಬಿಸಿ ಒಬ್ಬಟ್ಟು ತಂದು ಹಾಕಿದಳು. ಕರಿಬಸಮ್ಮ ತುಪ್ಪದ ಮಿಳ್ಳೆ ತುಂಬಿಕೊಂಡು ಅವಳ ಪಕ್ಕದಲ್ಲಿ ಬಗ್ಗಿದಳು.

"ಉಣ್ಣವ್ವ. ಮನೆ ಯಜಮಾನ್ತಿ ನೀನು," ಎಂದು ಸುರಿದಳು.